ಸಿಸ್ಟಮ್ ತಗೊಂಡಿದೆ ಸಾರ್

ದುಡ್ಡಿಲ್ಲದವನ ಹತ್ತಿರ, ದುಡ್ಡಿಲ್ಲ ಎಂಬ ಕಾರಣಕ್ಕೇ ದುಡ್ಡು ಕೀಳುವ ವಿದ್ಯೆ ನಮ್ಮ ಹಳೇ ಸಾಹುಕಾರರಿಗೆ ಗೊತ್ತಿರಲಿಲ್ಲ. ಅವರು ಸಾಲ ಕೊಟ್ಟು ಬಡ್ಡಿ ಕೇಳುತ್ತಿದ್ದರು, ಬಡ್ಡಿಗೆ ಚಕ್ರಬಡ್ಡಿ ಹಾಕುತ್ತಿದ್ದರು, ಕೊನೆಗೆ ಹೊಲ ಬರೆಸಿಕೊಳ್ಳುತ್ತಿದ್ದರು. ಆದರೆ "ನಿನ್ನ ಮನೆ ಡಬ್ಬಿಯಲ್ಲಿ ಸಾವಿರಕ್ಕಿಂತ ಕಡಿಮೆ ಇದೆಯಂತೆ, ತೆಗಿ ದಂಡ" ಎಂದು ಯಾರ ಜಗಲಿಗೂ ಬಂದವರಲ್ಲ. ಪಾಪ, ಅವರಿಗೆ ಕೋರ್ ಬ್ಯಾಂಕಿಂಗ್ ಇರಲಿಲ್ಲ.

2017ರ ಏಪ್ರಿಲ್ 1ನೇ ತಾರೀಖು ಎರಡು ಕೆಲಸ ಒಟ್ಟಿಗೇ ಆದವು. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1913ರಲ್ಲಿ ಹುಟ್ಟಿದ್ದ ನಮ್ಮ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಯಿತು. ಅದೇ ದಿನ ಆ ದೊಡ್ಡ ಬ್ಯಾಂಕು, ಕೆಲವು ವರ್ಷ ಕೈಬಿಟ್ಟಿದ್ದ ಮಿನಿಮಮ್ ಬ್ಯಾಲೆನ್ಸ್ ದಂಡವನ್ನು ಮತ್ತೆ ಜಾರಿಗೆ ತಂದಿತು. ಮೂರ್ಖರ ದಿನ. ತಮಾಷೆ ಯಾರ ಮೇಲೆ ಎಂಬುದು ಲೆಕ್ಕ ಹೊರಬಂದಾಗ ತಿಳಿಯಿತು. ನವೆಂಬರ್‌ವರೆಗಿನ ಎಂಟು ತಿಂಗಳಲ್ಲಿ ದಂಡದ ವಸೂಲಿ 1,771 ಕೋಟಿ ರೂಪಾಯಿ. ಆ ವರ್ಷದ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಬ್ಯಾಂಕಿನ ನಿವ್ವಳ ಲಾಭ 1,581 ಕೋಟಿ. ದೇಶದ ಅತಿ ದೊಡ್ಡ ಬ್ಯಾಂಕು ಮೂರು ತಿಂಗಳು ಕೈಗಾರಿಕೋದ್ಯಮಿಗಳಿಗೆ ಕುರ್ಚಿ ಹಾಕಿ, ಕಾಫಿ ಕೊಟ್ಟು, ಸಾಲ ಕೊಟ್ಟು ಉಳಿಸಿಕೊಂಡದ್ದಕ್ಕಿಂತ ಹೆಚ್ಚನ್ನು ಬಡವರ ಖಾಲಿ ಜೇಬು ಎಂಟು ತಿಂಗಳಲ್ಲಿ ದುಡಿದುಕೊಟ್ಟಿತ್ತು. ಖಾಲಿ ಜೇಬಿನಲ್ಲಿ ಇನ್ನೊಂದು ಅನುಕೂಲವಿದೆ, ಅದು ಲಂಡನ್ನಿಗೆ ಓಡಿಹೋಗುವುದಿಲ್ಲ.

ಗಲಾಟೆಯಾಯಿತು. ದರ ಇಳಿಯಿತು. 2020ರಲ್ಲಿ ಆ ಬ್ಯಾಂಕು ದಂಡವನ್ನೇ ಕೈಬಿಟ್ಟಿತು. ಆದರೆ ಒಬ್ಬರು ಬಿಟ್ಟ ಊಟವನ್ನು ಉಳಿದವರೂ ಬಿಡಬೇಕೆಂದೇನಿಲ್ಲವಲ್ಲ. 2023ರ ಆಗಸ್ಟ್‌ನಲ್ಲಿ ರಾಜ್ಯಸಭೆಗೆ ಸರ್ಕಾರವೇ ಕೊಟ್ಟ ಲೆಕ್ಕದ ಪ್ರಕಾರ, 2018ರಿಂದ ಈಚೆಗೆ ಸರ್ಕಾರಿ ಬ್ಯಾಂಕುಗಳೂ ಐದು ದೊಡ್ಡ ಖಾಸಗಿ ಬ್ಯಾಂಕುಗಳೂ ಸೇರಿ ಮಿನಿಮಮ್ ಬ್ಯಾಲೆನ್ಸ್ ದಂಡವೆಂದು 21 ಸಾವಿರ ಕೋಟಿಗೂ ಹೆಚ್ಚು, ಎಟಿಎಂನ ಹೆಚ್ಚುವರಿ ಬಳಕೆಗೆಂದು 8 ಸಾವಿರ ಕೋಟಿಗೂ ಹೆಚ್ಚು, ಎಸ್ಎಂಎಸ್ ಶುಲ್ಕವೆಂದು 6 ಸಾವಿರ ಕೋಟಿಗೂ ಹೆಚ್ಚು ಎತ್ತಿದ್ದವು. ಆರು ಸಾವಿರ ಕೋಟಿಯ ಎಸ್ಎಂಎಸ್! ಅದರಲ್ಲಿ ಅರ್ಧದಷ್ಟು "ನಿಮ್ಮ ಖಾತೆಯಿಂದ ಎಸ್ಎಂಎಸ್ ಶುಲ್ಕ ಕಡಿತವಾಗಿದೆ" ಎಂಬ ಎಸ್ಎಂಎಸ್‌ಗಳೇ ಇರಬೇಕು.

ಮಿನಿಮಮ್ ಬ್ಯಾಲೆನ್ಸಿನ ನ್ಯಾಯವೂ ಸೊಗಸಾಗಿದೆ. ಅದು ತಿಂಗಳ ಸರಾಸರಿಯ ಲೆಕ್ಕ. ಸರಾಸರಿ ಹತ್ತು ಸಾವಿರ ಇರಬೇಕು ಅನ್ನಿ. ಒಬ್ಬ ಕಂಟ್ರಾಕ್ಟರು ಮೂರು ಲಕ್ಷ ತಂದು ಒಂದು ದಿನ ಇಟ್ಟು, ಮಾರನೆಯ ದಿನ ಬೆಳಿಗ್ಗೆ ಅಷ್ಟನ್ನೂ ಬಾಚಿಕೊಂಡು ಹೋಗಿ, ಉಳಿದ ಇಪ್ಪತ್ತೊಂಬತ್ತು ದಿನ ಸೊನ್ನೆ ಇಟ್ಟರೆ ಅವನು ಸರಾಸರಿ ಕಾಪಾಡಿದ ಸಭ್ಯ ಗ್ರಾಹಕ. ಹೂ ಮಾರುವ ಹೆಂಗಸು ತಿಂಗಳಿಡೀ ಒಂಬತ್ತು ಸಾವಿರ ಮುಟ್ಟದೆ ಇಟ್ಟರೆ ಅವಳು ತಪ್ಪಿತಸ್ಥೆ. ಅವಳಿಗೆ ದಂಡ, ದಂಡದ ಮೇಲೆ ಶೇಕಡಾ 18 ಜಿಎಸ್‌ಟಿ. ಜಿಎಸ್‌ಟಿ ಬೀಳುವುದು ಸೇವೆಯ ಮೇಲೆ. ಇಲ್ಲಿ ಸೇವೆ ಯಾವುದು ಎಂದು ಕೇಳಬೇಡಿ. ನಿಮ್ಮ ಖಾತೆಯಲ್ಲಿ ಒಂದು ಸಾವಿರ ಕಡಿಮೆ ಇದೆ ಎಂಬುದನ್ನು ಬ್ಯಾಂಕು ನಿಮ್ಮ ಪರವಾಗಿ ನೆನಪಿಟ್ಟುಕೊಂಡಿದೆ, ಅದು ಸೇವೆಯಲ್ಲದೆ ಮತ್ತೇನು?

ಈ ವಿಷಯದಲ್ಲಿ ನನಗೆ ಗುರುಗಳು ನಮ್ಮ ಬೀದಿಯ ನಿವೃತ್ತ ಮೇಷ್ಟ್ರು. ಸರ್ವೀಸಿನಲ್ಲಿದ್ದಾಗ ಯಾವುದೋ ತಾಲ್ಲೂಕಿನಲ್ಲಿ ತೆರೆದಿದ್ದ ಖಾತೆಯನ್ನು ವರ್ಗವಾದ ಮೇಲೆ ಮರೆತೇಬಿಟ್ಟಿದ್ದರು. ಬೀರು ಗುಡಿಸುವಾಗ ಪಾಸ್‌ಬುಕ್ಕು ಸಿಕ್ಕಿತು. ಅದೇ ಬ್ಯಾಂಕಿನ ಇಲ್ಲಿನ ಶಾಖೆಗೆ ಒಯ್ದು ಎಂಟ್ರಿ ಹಾಕಲು ಕೊಟ್ಟರು. ಯಂತ್ರ ಕರಕರ ಎಂದು ಒಂದು ಪುಟ ತುಂಬಿಸಿತು, ಹುಡುಗ ಪುಟ ತಿರುಗಿಸಿದ, ಇನ್ನೊಂದನ್ನೂ ತುಂಬಿಸಿತು. ಬಡ್ಡಿಯೇ ಇಷ್ಟು ಸಾಲು ಬಂದಿದೆ ಎಂದು ಮೇಷ್ಟ್ರು ಹಿಗ್ಗಿದರು. ಕನ್ನಡಕ ಏರಿಸಿ ನೋಡಿದರೆ ಮೂರು ತಿಂಗಳಿಗೊಮ್ಮೆ ಎಸ್ಎಂಎಸ್ ಶುಲ್ಕ 17.70, 17.70, 17.70, ನಡುನಡುವೆ "ಎಂಎಬಿ ಚಾರ್ಜ್" ಎಂದು, ಅಂದರೆ ಮಿನಿಮಮ್ ಬ್ಯಾಲೆನ್ಸ್ ದಂಡವೆಂದು, ಅದಕ್ಕಿಂತ ದಪ್ಪನೆಯ ಮೊತ್ತ. ಎಸ್ಎಂಎಸ್ ಹೋಗುತ್ತಿದ್ದ ಮೊಬೈಲ್ ನಂಬರನ್ನು ಮೇಷ್ಟ್ರು ಬಿಟ್ಟು ಎಷ್ಟೋ ವರ್ಷವಾಗಿತ್ತು. ಕೊನೆಯ ಸಾಲಿನ ಕೊನೆಗೆ ಬ್ಯಾಲೆನ್ಸು ಸೊನ್ನೆ. ಅಲ್ಲಿಗೆ ಯಂತ್ರಕ್ಕೂ ಸುಸ್ತಾಗಿ ನಿಂತಿತ್ತು.

"ಸಾರ್, ಇದನ್ನ ನಾವು ತಗೊಂಡಿಲ್ಲ," ಎಂದ ಕೌಂಟರಿನ ಹುಡುಗ. "ಸಿಸ್ಟಮ್ ತಗೊಂಡಿದೆ."

"ಸಿಸ್ಟಮ್ ಎಲ್ಲಿ ಕೂರುತ್ತಪ್ಪಾ? ನಾನು ಅದರ ಹತ್ರಾನೇ ಮಾತಾಡ್ತೀನಿ."

"ಹೆಡ್ ಆಫೀಸಲ್ಲಿ ಸಾರ್. ಮುಂಬೈ."

"ಅದಕ್ಕೆ ಕನ್ನಡ ಬರುತ್ತಾ?"

"ನನಗೇ ಈಗೀಗ ಬರ್ತಾ ಇದೆ ಸಾರ್," ಎಂದು ಹುಡುಗ ನಕ್ಕ. ಪಾಟ್ನಾ ಕಡೆಯವನು. ಅಂಥವನ ಮೇಲೆ ರೇಗಲು ಮೇಷ್ಟ್ರಿಗೆ ಮನಸ್ಸು ಬರಲಿಲ್ಲ. ಬ್ಯಾಂಕಿನ ಜಾಣತನ ಇರುವುದೇ ಇಲ್ಲಿ. ಜಗಳವಾಡಬೇಕಾದವರು ಎದುರಿಗಿರುವುದಿಲ್ಲ, ಎದುರಿಗಿರುವವರ ಜತೆ ಜಗಳವಾಡಲು ಮನಸ್ಸಾಗುವುದಿಲ್ಲ. ಈ ಸಿಸ್ಟಮ್ ಎಂಬ ನಿರಾಕಾರ ಪರಬ್ರಹ್ಮನಿಗೆ ಇನ್ನೊಂದು ಲಕ್ಷಣವುಂಟು. ನೀವು ಸಾಲ ಕೇಳಲು ಹೋದಾಗ ಸಿಸ್ಟಮ್ ಇರುವುದಿಲ್ಲ, ಮ್ಯಾನೇಜರು ಇರುತ್ತಾರೆ: ಜಾಮೀನು ತನ್ನಿ, ಖಾತಾ ತನ್ನಿ, ಹೆಂಡತಿಯ ಸಹಿ ತನ್ನಿ. ನಿಮ್ಮ ಹಣ ಕಡಿತವಾದಾಗ ಮ್ಯಾನೇಜರು ಇರುವುದಿಲ್ಲ, ಸಿಸ್ಟಮ್ ಇರುತ್ತದೆ.

17.70 ಎಂಬ ಅಂಕಿಯನ್ನು ಒಮ್ಮೆ ನಿಧಾನವಾಗಿ ನೋಡಿ. ಹದಿನೈದು ರೂಪಾಯಿ, ಅದಕ್ಕೆ ಜಿಎಸ್‌ಟಿ. ಶಾಖೆಗೆ ಹೋಗಿಬರುವ ಆಟೋ ಚಾರ್ಜಿಗಿಂತ ಕಡಿಮೆ. "ಹದಿನೇಳು ರೂಪಾಯಿಗೆ ಬಂದಿದ್ದೀರಾ ಸಾರ್?" ಎಂದು ಕ್ಯೂನಲ್ಲಿರುವವರು ತಿರುಗಿ ನೋಡಿದಾಗ ಆಗುವ ಸಂಕೋಚಕ್ಕಿಂತ ಬಹಳ ಕಡಿಮೆ. ಈ ಶುಲ್ಕಗಳನ್ನು ಅಳೆಯುವ ಕೋಲು ಬ್ಯಾಂಕಿನ ಖರ್ಚಲ್ಲ, ನಮ್ಮ "ಹೋಗ್ಲಿ ಬಿಡಿ". ಎಷ್ಟರವರೆಗೆ ಮನುಷ್ಯ "ಹೋಗ್ಲಿ ಬಿಡಿ" ಅನ್ನುತ್ತಾನೋ ಅಲ್ಲಿಗೆ ಒಂದು ರೂಪಾಯಿ ಕಡಿಮೆ ಇಟ್ಟರೆ ಸಾಕು, ಉಳಿದದ್ದನ್ನು ಕೋಟಿ ಖಾತೆಗಳ ಗುಣಾಕಾರ ನೋಡಿಕೊಳ್ಳುತ್ತದೆ. ಇದೇ 17.70 ಜನಧನದ ಬಡವರ ಖಾತೆಗೂ ಬಿದ್ದಿತ್ತು, ತಿಂಗಳಿಗೆ ನಾಲ್ಕು ಸಲಕ್ಕಿಂತ ಹೆಚ್ಚು ಯುಪಿಐನಲ್ಲೋ ರುಪೇ ಕಾರ್ಡಿನಲ್ಲೋ ಹಣ ಕೊಟ್ಟ ಅಪರಾಧಕ್ಕೆ. ಬಾಂಬೆ ಐಐಟಿಯ ಅಧ್ಯಯನ ವರದಿಯ ಪ್ರಕಾರ ಹೀಗೆ ಸ್ಟೇಟ್ ಬ್ಯಾಂಕ್ ಎತ್ತಿದ್ದು 254 ಕೋಟಿಗೂ ಹೆಚ್ಚು, ಸರ್ಕಾರ ಕಣ್ಣು ಬಿಟ್ಟ ಮೇಲೆ ಹಿಂದಿರುಗಿಸಿದ್ದು 90 ಕೋಟಿ. ಒಂದು ಕಡೆ ಹೋರ್ಡಿಂಗ್ ಹಾಕಿ "ಡಿಜಿಟಲ್ ಆಗಿ" ಎಂದು ಉಪದೇಶ, ಇನ್ನೊಂದು ಕಡೆ ಡಿಜಿಟಲ್ ಆದದ್ದಕ್ಕೆ ದಂಡ.

ಕರ್ನಾಟಕದವರಿಗೆ ಇದು ಇನ್ನಷ್ಟು ಚುಚ್ಚಬೇಕು. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿದಾಗ ಏಜೆಂಟರು ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದರು. ಮೀನು ಮಾರುವವರ, ನೇಕಾರರ, ಬೀದಿ ಅಂಗಡಿಯವರ ಚಿಲ್ಲರೆಯಿಂದಲೇ ಬ್ಯಾಂಕು ಬೆಳೆಯಿತು. ಅಂದು ಎರಡಾಣೆ ಇದ್ದವನು ಗ್ರಾಹಕ. ಅವನ ಎರಡಾಣೆಯಲ್ಲಿ ಒಂದಾಣೆ ಹಿಡಿದುಕೊಂಡು "ಕನಿಷ್ಠ ಮೂರಾಣೆ ಇರಬೇಕಿತ್ತು" ಎಂದಿದ್ದರೆ ಏಜೆಂಟನಿಗೆ ಮೀನಿನ ಬುಟ್ಟಿಯಲ್ಲೇ ಉತ್ತರ ಸಿಗುತ್ತಿತ್ತು. ಆ ಸಿಂಡಿಕೇಟ್ 2020ರಲ್ಲಿ ಕೆನರಾದೊಳಗೆ ಸೇರಿತು. ನ್ಯಾಯವಾಗಿ ಹೇಳಬೇಕೆಂದರೆ, ಆ ಕೆನರಾ ಬ್ಯಾಂಕೇ 2025ರ ಜೂನ್ 1ರಿಂದ ಉಳಿತಾಯ ಖಾತೆಗಳ ಮಿನಿಮಮ್ ಬ್ಯಾಲೆನ್ಸ್ ದಂಡವನ್ನು ರದ್ದುಮಾಡಿತು, ಬೇರೆ ಕೆಲವು ಸರ್ಕಾರಿ ಬ್ಯಾಂಕುಗಳೂ ಹಿಂದೆ ಬಂದವು. ಎರಡೇ ತಿಂಗಳಿಗೆ ಐಸಿಐಸಿಐ ಬ್ಯಾಂಕು, ಮಹಾನಗರಗಳ ಹೊಸ ಗ್ರಾಹಕರು ಸರಾಸರಿ 50 ಸಾವಿರ ಇಡಬೇಕೆಂದಿತು. ಜನ ಉಗಿದ ಮೇಲೆ 15 ಸಾವಿರಕ್ಕೆ ಇಳಿಯಿತು. ಇದೇನು ಎಂದು ಕೇಳಿದವರಿಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಕೊಟ್ಟ ಉತ್ತರ, ಮಿನಿಮಮ್ ಬ್ಯಾಲೆನ್ಸ್ ಎಷ್ಟಿರಬೇಕೆಂಬುದು ಆಯಾ ಬ್ಯಾಂಕಿಗೆ ಬಿಟ್ಟದ್ದು ಎಂದು. ಮೊತ್ತ ಬ್ಯಾಂಕಿಗೆ ಬಿಟ್ಟದ್ದು ನಿಜ. ಆದರೆ ದಂಡ ಹಾಕುವ ರೀತಿಗೆ ರಿಸರ್ವ್ ಬ್ಯಾಂಕೇ ಬರೆದ ನಿಯಮಗಳುಂಟು, ಅವು ಯಾವ ಶಾಖೆಯ ಗೋಡೆಯ ಮೇಲೂ ದಪ್ಪಕ್ಷರದಲ್ಲಿ ಕಾಣುವುದಿಲ್ಲ.

ಮೇಷ್ಟ್ರು ಅವನ್ನು ಓದಿಕೊಂಡು, ಎರಡು ಬಿಳಿ ಹಾಳೆಯ ನಡುವೆ ಕಾರ್ಬನ್ ಇಟ್ಟು ಕೂತರು. "ವಿಷಯ: ನನ್ನ ಖಾತೆಯಿಂದ ಹೇಳದೆ ಕೇಳದೆ ತೆಗೆದ ಹಣವನ್ನು ಹಿಂದಿರುಗಿಸುವ ಬಗ್ಗೆ."

ಮಾನ್ಯರೇ, ಎಂದು ಶುರುವಾದ ಆ ಕಾಗದದ ಒಂದೊಂದು ಪ್ರಶ್ನೆಯೂ ಹತ್ತನೇ ಕ್ಲಾಸಿನ ಪ್ರಶ್ನೆಪತ್ರಿಕೆಯಂತೆ ಸರಳ, ಉತ್ತರಿಸಲು ಮಾತ್ರ ಆಗದು. ಎರಡು ವರ್ಷ ಗ್ರಾಹಕನ ವ್ಯವಹಾರವೇ ಇಲ್ಲದ ಖಾತೆ ನಿಷ್ಕ್ರಿಯ ಖಾತೆ. ನಿಷ್ಕ್ರಿಯ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ದಂಡ ಹಾಕಕೂಡದೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಹಾಗಾದರೆ ನೀವು ಹಾಕಿದ್ದು ಯಾವ ನಿಯಮದ ಮೇಲೆ? ಬ್ಯಾಲೆನ್ಸು ಕಡಿಮೆಯಾದರೆ ಗ್ರಾಹಕನಿಗೆ ಮೊದಲು ತಿಳಿಸಿ, ಸರಿಪಡಿಸಿಕೊಳ್ಳಲು ಒಂದು ತಿಂಗಳಾದರೂ ಕೊಡಬೇಕೆಂದು 2014ರ ನವೆಂಬರ್ 20ರ ಸುತ್ತೋಲೆ ಇದೆ, ಅದು 2015ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನನಗೆ ಯಾವ ತಾರೀಖು, ಯಾವ ನಂಬರಿಗೆ ತಿಳಿಸಿದಿರಿ? ಎಸ್ಎಂಎಸ್ ಶುಲ್ಕವನ್ನು ನಿಜವಾದ ಬಳಕೆಯ ಮೇಲೆ ಹಾಕಬೇಕೆಂದು 2013ರಿಂದಲೇ ಹೇಳಿದ್ದಾರೆ. ಎಷ್ಟು ಎಸ್ಎಂಎಸ್ ಕಳಿಸಿದ್ದೀರಿ? ಆ ನಂಬರು ಈಗ ಬೇರೆ ಯಾರದೋ ಆಗಿದ್ದರೆ, ಇಷ್ಟು ವರ್ಷ ನನ್ನ ಖಾತೆಯ ಸಮಾಚಾರವನ್ನು ಯಾರಿಗೆ ಓದಿಸಿದ್ದೀರಿ, ಮತ್ತು ಆ ಪುಣ್ಯಾತ್ಮನ ಓದಿನ ಖರ್ಚನ್ನು ನನ್ನಿಂದ ಯಾಕೆ ವಸೂಲು ಮಾಡಿದ್ದೀರಿ?

ಕೊನೆಯ ಪ್ರಶ್ನೆ ನನಗೆ ಬಹಳ ಇಷ್ಟವಾದದ್ದು. ದಂಡವು ಸೇವೆ ಕೊಡಲು ತಗಲುವ ಸರಾಸರಿ ಖರ್ಚಿಗೆ ಹೊಂದಿಕೊಂಡು ನ್ಯಾಯವಾಗಿರಬೇಕೆಂದು ಅದೇ 2014ರ ಸುತ್ತೋಲೆ ಹೇಳುತ್ತದೆ. ಮೇಷ್ಟ್ರು ಕೇಳಿದ್ದಿಷ್ಟೇ: ನನ್ನ ಖಾತೆಯಲ್ಲಿ ಸಾವಿರದ ಬದಲು ಒಂಬೈನೂರು ಇದ್ದಾಗ ನಿಮಗೆ ಆದ ಹೆಚ್ಚುವರಿ ಖರ್ಚೆಷ್ಟು? ನಿಮ್ಮ ಕಂಪ್ಯೂಟರಿಗೆ ಒಂಬೈನೂರು ಎಂಬ ಅಂಕಿ ಹೊರಲು ಭಾರವೇ?

ಕಾಗದ ಬರೆಯುವುದು ಸುಲಭ, ಕೊಟ್ಟಿದ್ದಕ್ಕೆ ಸೀಲು ಪಡೆಯುವುದಿದೆಯಲ್ಲ, ಅದು ಬೇರೆಯೇ ತಪಸ್ಸು. "ಇಟ್ಟು ಹೋಗಿ ಸಾರ್, ನೋಡ್ತೀವಿ." ಕಾಪಿಗೆ ಸೀಲು ಹಾಕಿಕೊಡಿ ಎಂದರೆ, ಸೀಲು ಮೇಡಂ ಹತ್ತಿರ ಇದೆ. ಮೇಡಂ ಹತ್ತಿರ ಹೋದರೆ, ಇದಕ್ಕೆಲ್ಲ ಸೀಲು ಹಾಕುವ ಹಾಗಿಲ್ಲ. ಬ್ಯಾಂಕು ದೂರು ತೆಗೆದುಕೊಂಡ ಮೇಲೆ ಸ್ವೀಕೃತಿ ಕೊಡಬೇಕು ಎಂದು ಮೇಷ್ಟ್ರು ಪಾಠದ ದನಿಯಲ್ಲಿ ಹೇಳಿದ ಮೇಲೆ, ಸ್ಟಾಂಪ್ ಪ್ಯಾಡಿನಲ್ಲಿ ಇಂಕಿಲ್ಲ. ಮೇಷ್ಟ್ರು ಚೀಲದಿಂದ ತಮ್ಮದೇ ಪ್ಯಾಡು ತೆಗೆದು ಮೇಜಿನ ಮೇಲಿಟ್ಟರು. ಅಷ್ಟು ಹೊತ್ತಿಗೆ ಹಿಂದೆ ಕ್ಯೂ ಬೆಳೆದಿತ್ತು, "ಏನಂತೆ? ಏನಂತೆ?" ಎಂದು ವಿಷಯ ಹರಡುತ್ತಿತ್ತು, ಒಂದಿಬ್ಬರು ತಮ್ಮ ಪಾಸ್‌ಬುಕ್ಕು ಬಿಚ್ಚಿ ನೋಡಲು ಶುರುಮಾಡಿದ್ದರು. ಸೀಲು ತಕ್ಷಣ ಬಿತ್ತು, ಗುಂಡಗೆ, ತಾರೀಖಿನ ಸಮೇತ. ಇಷ್ಟು ತಾಳ್ಮೆ ಇಲ್ಲದವರಿಗೆ ಸ್ಪೀಡ್ ಪೋಸ್ಟ್ ಇದೆ. ನಮ್ಮ ಹಳೆಯ ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಅದರಲ್ಲೇ ಸೇರಿಹೋಗಿದೆ.

ಉತ್ತರ ಬಂತು. ಶುಲ್ಕಗಳನ್ನು ಬ್ಯಾಂಕಿನ ನೀತಿಯಂತೆ ವಿಧಿಸಲಾಗಿದೆ, ನಿಮ್ಮ ಸಹಕಾರಕ್ಕೆ ಧನ್ಯವಾದ. ಪ್ರಶ್ನೆಪತ್ರಿಕೆಗೆ ವಿದ್ಯಾರ್ಥಿ ತನ್ನ ಹೆಸರು ಮಾತ್ರ ಬರೆದು ಕೊಟ್ಟಿದ್ದ.

ಕಾಗದದಿಂದ ಏನಾದೀತು ಎನ್ನುವವರು ಇಂಗ್ಲೆಂಡಿನ ಕಡೆ ನೋಡಬೇಕು. ಅಲ್ಲಿ 2005–06ರ ಸುಮಾರಿಗೆ ಓವರ್‌ಡ್ರಾಫ್ಟ್ ಮೀರಿದ್ದಕ್ಕೆ, ಚೆಕ್ ಬೌನ್ಸ್ ಆದದ್ದಕ್ಕೆ ಮೂವತ್ತು ಪೌಂಡಿನ ಆಸುಪಾಸು ಕಿತ್ತುಕೊಳ್ಳುತ್ತಿದ್ದ ಬ್ಯಾಂಕುಗಳಿಗೆ ಸಾಮಾನ್ಯ ಜನ ಕಾಗದ ಬರೆಯತೊಡಗಿದರು. ಹತ್ತು ಪೌಂಡ್ ಕಟ್ಟಿ ಆರು ವರ್ಷದ ಲೆಕ್ಕ ತರಿಸಿಕೊಂಡು, ಕೂಡಿ, ವಾಪಸು ಕೊಡಿ ಎಂದರು. ಕೊಡದಿದ್ದರೆ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಹೋದರು. ವಕೀಲ ಬೇಡ, ಕೋಟು ಬೇಡ. ವಿಚಾರಣೆಯ ದಿನ ಹತ್ತಿರ ಬಂದಂತೆ ಬ್ಯಾಂಕುಗಳು ಸದ್ದಿಲ್ಲದೆ ಹಣ ಕೊಟ್ಟು ಮುಗಿಸಿಕೊಳ್ಳುತ್ತಿದ್ದವು, ಯಾಕೆಂದರೆ ಕೋರ್ಟಿಗೆ ಬಂದರೆ ಒಂದು ಚೆಕ್ ಹಿಂದಿರುಗಿಸಲು ನಿಜವಾಗಿ ಎಷ್ಟು ಖರ್ಚಾಗುತ್ತದೆಂದು ನ್ಯಾಯಾಧೀಶರ ಮುಂದೆ ಬಾಯಿ ಬಿಡಬೇಕಿತ್ತು. ಮೇಷ್ಟ್ರ ಒಂಬೈನೂರರ ಪ್ರಶ್ನೆಯೇ ಅದು. ಕೊನೆಗೆ 2007ರಲ್ಲಿ ಬಹುತೇಕ ದಾವೆಗಳಿಗೆ ತಡೆ ಬಿದ್ದು ಒಂದು ಪರೀಕ್ಷಾ ಮೊಕದ್ದಮೆ ನಡೆಯಿತು, 2009ರ ನವೆಂಬರ್ 25ರಂದು ಅಲ್ಲಿನ ಸುಪ್ರೀಂ ಕೋರ್ಟು ಬ್ಯಾಂಕುಗಳ ಪರ ಹೇಳಿತು. ತರ್ಕ ಕೇಳಿ: ಈ ಶುಲ್ಕಗಳು ಒಟ್ಟು ಸೇವೆಯ ಬೆಲೆಯ ಭಾಗ, ಬೆಲೆ ನ್ಯಾಯವೋ ಅನ್ಯಾಯವೋ ಎಂದು ಆ ನಿಯಮದಡಿ ಅಳೆಯುವ ಹಾಗಿಲ್ಲ. ಎಲ್ಲರಿಗೂ ಬ್ಯಾಂಕಿಂಗ್ ಪುಕ್ಕಟೆ ಎಂದು ಕರೆದು, ಖರ್ಚನ್ನು ತಿಂಗಳ ಕೊನೆಯಲ್ಲಿ ಎಡವಿದವನ ಜೇಬಿನಿಂದ ವಸೂಲು ಮಾಡುವುದೇ ಆ ಬೆಲೆ. ಆದರೆ ಅಷ್ಟರೊಳಗೆ ಎಷ್ಟೋ ಜನ ತಮ್ಮ ಹಣ ವಾಪಸು ಎಣಿಸಿಕೊಂಡಾಗಿತ್ತು. ತೀರ್ಪಿಗೆ ಕಾಯದೆ ಮೊದಲೇ ಕಾಗದ ಬರೆದವರು ಗೆದ್ದರು.

ನಮ್ಮಲ್ಲಿ ಹಾದಿ ಬೇರೆ. ಬ್ಯಾಂಕು ಮೂವತ್ತು ದಿನದಲ್ಲಿ ಉತ್ತರಿಸದಿದ್ದರೆ, ಅಥವಾ ಮೇಷ್ಟ್ರಿಗೆ ಕೊಟ್ಟಂಥ ಉತ್ತರ ಕೊಟ್ಟರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. 2021ರ ನವೆಂಬರ್‌ನಲ್ಲಿ ಎಲ್ಲ ಓಂಬುಡ್ಸ್‌ಮನ್‌ಗಳನ್ನೂ ಒಂದು ಮಾಡಿ ಚಂಡೀಗಢದಲ್ಲಿ ದೂರು ಸ್ವೀಕರಿಸುವ ಕೇಂದ್ರ ತೆರೆದರು. ಖರ್ಚಿಲ್ಲ, ನಿಮ್ಮ ಪರವಾಗಿ ವಕೀಲರು ದೂರು ಕೊಡುವ ಹಾಗೂ ಇಲ್ಲ. ಒಳ್ಳೆಯ ಏರ್ಪಾಡು, ಚಿಕ್ಕ ತಪ್ಪುಗಳು ಅಲ್ಲಿಗೆ ಹೋದದ್ದೇ ಬ್ಯಾಂಕುಗಳಿಗೆ ನೆನಪು ಮರುಕಳಿಸುತ್ತದೆ. ಒಂದೇ ಒಂದು ಚಿಲಕವಿದೆ: ವಿಷಯ ಬ್ಯಾಂಕಿನ "ವಾಣಿಜ್ಯ ನಿರ್ಧಾರ"ಕ್ಕೆ ಸಂಬಂಧಿಸಿದ್ದರೆ ದೂರು ನಿಲ್ಲುವುದಿಲ್ಲ. ಹಾಗಾಗಿ "ಇಷ್ಟೊಂದು ದಂಡ ಯಾಕೆ" ಎಂದು ಬರೆದವನ ಅರ್ಜಿ ಕಸದ ಬುಟ್ಟಿಗೆ. "ಇಂಥ ತಾರೀಖಿನ ಸುತ್ತೋಲೆ ಮುರಿದಿದ್ದಾರೆ" ಎಂದು ಬರೆದವನ ಅರ್ಜಿ ಮೇಜಿಗೆ. ಅಳುವವನಿಗಿಂತ ತಾರೀಖು ಹೇಳುವವನಿಗೆ ಅಲ್ಲಿ ಬೆಲೆ.

ಮೇಷ್ಟ್ರು ಮಾತ್ರ ಜಿಲ್ಲಾ ಗ್ರಾಹಕರ ಆಯೋಗವನ್ನೇ ಹಿಡಿದರು, ಬ್ಯಾಂಕಿನವರನ್ನು ಕಣ್ಣಾರೆ ನೋಡಬೇಕೆಂಬ ಆಸೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಐದು ಲಕ್ಷದವರೆಗೆ ಶುಲ್ಕವಿಲ್ಲ, ಸ್ವತಃ ವಾದಿಸಬಹುದು, ಬ್ಯಾಂಕಿನ ಹೆಡ್ ಆಫೀಸು ಎಲ್ಲೇ ಇರಲಿ ನೀವಿರುವ ಊರಲ್ಲೇ ದೂರು ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು, ಅಷ್ಟೆ. ಕಾಯ್ದೆಯ ಜಾಣತನವೂ ಇದೆ: ಸೇವೆಯಲ್ಲಿ ಲೋಪವಾದರೆ ಜಿಲ್ಲೆಯಲ್ಲಿ ಕೇಳಬಹುದು, ಆದರೆ ನೀವು ಖಾತೆ ತೆರೆಯುವಾಗ ಓದದೆ ಸಹಿ ಹಾಕಿದ ಒಪ್ಪಂದವೇ ಅನ್ಯಾಯದ್ದು ಎನ್ನಬೇಕಾದರೆ ರಾಜ್ಯ ಆಯೋಗಕ್ಕೆ ಹೋಗಬೇಕು. 17.70 ಹಿಡಿದುಕೊಂಡು ರಾಜಧಾನಿಗೆ. ಮೇಷ್ಟ್ರು ಲೋಪದಲ್ಲೇ ತೃಪ್ತರಾದರು.

ದೂರು ಮೂರು ತಿಂಗಳಲ್ಲಿ ಇತ್ಯರ್ಥವಾಗಬೇಕೆಂದು ಕಾಯ್ದೆ ಹೇಳುತ್ತದೆ. ಕಾಯ್ದೆಗೆ ನಮ್ಮ ವಾಯಿದೆಗಳ ಪರಿಚಯವಿಲ್ಲ. ಒಮ್ಮೆ ಬ್ಯಾಂಕಿನ ವಕೀಲರಿಗೆ ವಕಾಲತ್ತು ಹಾಕಲು ಸಮಯ ಬೇಕು, ಒಮ್ಮೆ ತಕರಾರು ಸಲ್ಲಿಸಲು, ಒಮ್ಮೆ ಆಯೋಗದ ಸದಸ್ಯರೇ ರಜೆ. ಆದರೆ ಇಲ್ಲಿಗೆ ಬಂದ ಮೇಲೆ "ಹೋಗ್ಲಿ ಬಿಡಿ"ಯ ಲೆಕ್ಕ ಉಲ್ಟಾ ಆಗಿರುತ್ತದೆ. ನಿವೃತ್ತ ಮೇಷ್ಟ್ರಿಗೆ ಪುರುಸೊತ್ತಿದೆ, ಬಸ್ಸಿನಲ್ಲಿ ಹಿರಿಯರ ರಿಯಾಯಿತಿಯಿದೆ. ಬ್ಯಾಂಕಿಗೆ ಒಂದೊಂದು ವಾಯಿದೆಗೂ ವಕೀಲರ ಫೀಸಿದೆ, ಒಬ್ಬ ಅಧಿಕಾರಿಯ ಒಂದು ದಿನವಿದೆ, ಹೆಡ್ ಆಫೀಸಿಗೆ ವರದಿಯಿದೆ. ಇಡೀ ಮೊತ್ತಕ್ಕಿಂತ ಅದನ್ನು ಸಮರ್ಥಿಸುವ ಖರ್ಚು ದೊಡ್ಡದಾಗುತ್ತಾ ಹೋಗುತ್ತದೆ. ಆಗ ಸಿಸ್ಟಮ್ಮಿಗೆ ಮನುಷ್ಯಾಕಾರ ಬರುತ್ತದೆ.

ಅದು ಕಾರಿಡಾರಿನಲ್ಲಿ ಬಂತು, ಕರಿಕೋಟಿನ ತರುಣ ವಕೀಲರ ರೂಪದಲ್ಲಿ. "ಮೇಷ್ಟ್ರೇ, ಮಾತಾಡಿ ಮುಗಿಸೋಣ. ಪೂರ್ತಿ ಹಣ, ಜತೆಗೆ ಐದು ಸಾವಿರ." ಕೈಯಲ್ಲಿ ಟೈಪು ಮಾಡಿದ ಜ್ಞಾಪನ ಇತ್ತು: ಬ್ಯಾಂಕು ಯಾವುದೇ ತಪ್ಪನ್ನು ಒಪ್ಪಿಕೊಳ್ಳದೆ, ದೂರುದಾರರ ವಯಸ್ಸನ್ನು ಪರಿಗಣಿಸಿ, ಕೇವಲ ಸದ್ಭಾವನೆಯಿಂದ ಈ ಮೊತ್ತವನ್ನು ನೀಡುತ್ತಿದೆ. ಮೇಷ್ಟ್ರು ಎರಡು ಸಲ ಓದಿದರು, ಒಂದು ಕಡೆ ಕಾಗುಣಿತ ತಿದ್ದಿದರು, ಪೆನ್ನಿನ ಕ್ಯಾಪು ಹಾಕಿ ಕೇಳಿದರು:

"ಈ ಸದ್ಭಾವನೆಗೂ ಜಿಎಸ್‌ಟಿ ಹಿಡ್ಕೋತೀರೇನಪ್ಪಾ?"